ನೂರರ ಕೆಳಗೆ

ಟಪ್ — ಬೆಲ್ಟಿನ ಎರಡು ತುದಿ ಸೇರಿಸಿ ಅಂಟಿಸಿದ ಗೆರೆ ಮತ್ತೆ ಕಾಲ ಕೆಳಗೆ ಬಂದು ಹೋಯಿತು, ನಾಲ್ಕು ಹೆಜ್ಜೆಗೊಮ್ಮೆ ಟಪ್, ಇಷ್ಟು ದಿನ ಈ ಸದ್ದು ಇತ್ತೋ ಇಲ್ಲವೋ, ಇದ್ದೇ ಇರಬೇಕು, ಆಗ ಕಿವಿ ಬೇರೆ ಕಡೆ ಇತ್ತು, ಕಣ್ಣು ಮಾತ್ರ ಟ್ರೆಡ್‌ಮಿಲ್ಲಿನ ಕೆಂಪು ಅಂಕಿಗಳಿಗೆ ನೆಟ್ಟಿರುತ್ತಿತ್ತು, ಈಗಲೂ ನೆಟ್ಟಿದೆ, ವೇಗ ಮೂರು ಪಾಯಿಂಟ್ ಎಂಟು, ಹನ್ನೊಂದು ನಿಮಿಷ, ಅರವತ್ತು ಕ್ಯಾಲೊರಿ, ಅರವತ್ತು ಅಂದರೆ ಮುಕ್ಕಾಲು ಚಪಾತಿ, ಮೊದಲೆಲ್ಲ ಹಾಗೆ ಲೆಕ್ಕ ಹಾಕಿ ಇನ್ನೈದು ನಿಮಿಷ ಹೆಚ್ಚು ನಡೆಯುತ್ತಿದ್ದಳು, ಈಗ ಮುಕ್ಕಾಲು ಚಪಾತಿ ಮುಕ್ಕಾಲು ಚಪಾತಿಯಷ್ಟೇ. ವನಿತಾ ನಡೆಯುತ್ತಾಳೆ, ನಡೆಯುತ್ತಾಳೆ ಅನ್ನುವುದಕ್ಕಿಂತ ಬೆಲ್ಟು ಹಿಂದಕ್ಕೆ ಹೋಗುತ್ತದೆ, ಬೀಳದಿರಲು ಕಾಲು ಮುಂದಕ್ಕೆ ಬರುತ್ತದೆ. ಕಿಟಕಿಯ ಕೆಳಗೆ ದಿಣ್ಣೂರು ರಸ್ತೆಯಲ್ಲಿ ಬಸ್ಸೊಂದು ಆಟೋಗಳ ನಡುವೆ ಸಿಕ್ಕಿಕೊಂಡು ಹಾರನ್ ಹೊಡೆಯುತ್ತಿದೆ, ಕಂಡಕ್ಟರ್ ಬಾಗಿಲಲ್ಲಿ ನೇತಾಡಿ ಏನೋ ಕೂಗುತ್ತಾನೆ, ಅವಳೂ ಕಂಡಕ್ಟರೇ, ಹದಿನಾಲ್ಕು ವರ್ಷ ಟಿಕೆಟ್ ಹರಿದವಳು, ಶುಕ್ರವಾರದಿಂದ ಡ್ಯೂಟಿಗೆ ಹೋಗಬೇಕು, ರಜೆ ಮುಗಿಯುತ್ತದೆ, ನಾಲ್ಕು ತಿಂಗಳು ಯಾಕೆ ರಜೆ ಅಂತ ಬರೆದ ಅರ್ಜಿಯಲ್ಲಿ ತಮ್ಮನಿಗೆ ಲಿವರ್ ದಾನ ಮಾಡುವ ಸಲುವಾಗಿ ಅಂತ ಅವಳದೇ ಅಕ್ಷರದಲ್ಲಿ ಇದೆ, ಆ ಕಾಗದ ಡಿಪೋದ ಯಾವುದೋ ಫೈಲಿನಲ್ಲಿ ಹಾಗೇ ಇರುತ್ತದೆ, ದಾನ ಆಗಲಿಲ್ಲ ಅಂತ ಆ ಕಾಗದಕ್ಕೆ ಯಾರೂ ಹೇಳುವುದಿಲ್ಲ. ತಮ್ಮ ವಾಸು ಹೋಗಿ ಇವತ್ತಿಗೆ ಹದಿನೇಳು ದಿನ. ಹನ್ನೊಂದರ ಕಾರ್ಯ ಆಯಿತು, ನೆಂಟರು ಹೋದರು, ಶಾಮಿಯಾನದವನು ಕಂಬ ಬಿಚ್ಚಿಕೊಂಡು ಹೋದ, ಇವತ್ತು ಬೆಳಗ್ಗೆ ಎದ್ದು ಸ್ನಾನ ಮಾಡಿ ಬೂಟು ಹಾಕಿಕೊಂಡಾಗ ಅಮ್ಮ ಎಲ್ಲಿಗೆ ಅಂತ ಕೇಳಲಿಲ್ಲ, ಅವಳಿಗೂ ಎಲ್ಲಿಗೆ ಅಂತ ಗೊತ್ತಿರಲಿಲ್ಲ, ಕಾಲುಗಳು ಗಂಗೇನಹಳ್ಳಿಯಿಂದ ಹೊರಟು ಹಾಸಿಗೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಈ ಜಿಮ್ಮಿಗೆ ತಂದು ನಿಲ್ಲಿಸಿದವು, ಹತ್ತೂವರೆಯಿಂದ ಹನ್ನೆರಡರವರೆಗೆ ಹೆಂಗಸರ ಬ್ಯಾಚು. ಕಲಿಸುವ ಫಾಯಿಜಾ ಇನ್ನೂ ಬಂದಿಲ್ಲ. ಟಪ್.

ವಾಸು ಕುಡಿಯುತ್ತಿರಲಿಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇವೆ, ಬಾಗಲಗುಂಟೆಯ ಚಿಕ್ಕಮ್ಮನಿಗೆ, ಪಕ್ಕದ ಮನೆಯವರಿಗೆ, ಡಿಪೋದಲ್ಲಿ, ಲಿವರ್ ಅಂದ ತಕ್ಷಣ ಎದುರಿನವರ ಕಣ್ಣು ಸ್ವಲ್ಪ ಕಿರಿದಾಗುತ್ತದೆ, ಇಲ್ಲ ಕಣ್ರೀ ಕುಡೀತಿರ್ಲಿಲ್ಲ, ಕಾಮಾಲೆ ವೈರಸ್ಸು, ಒಳಗೊಳಗೇ ಹತ್ತು ವರ್ಷ ಇತ್ತಂತೆ, ಗೊತ್ತೇ ಆಗ್ಲಿಲ್ಲ. ಮೋಟರ್ ವೈಂಡಿಂಗ್ ಅಂಗಡಿ ಅವನದು, ಸುಟ್ಟುಹೋದ ನೀರಿನ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತ ಕೂತಿರುತ್ತಿದ್ದ, ಬೆರಳಿನ ತುದಿಯೆಲ್ಲ ವಾರ್ನಿಶ್ ವಾಸನೆ, ಮೂವತ್ತಾರು ವರ್ಷ, ಅವಳಿಗಿಂತ ಐದು ವರ್ಷ ಚಿಕ್ಕವನು. ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ ದಿನ ಏಸಿ ಎಷ್ಟು ಜೋರಾಗಿತ್ತೆಂದರೆ ಅಮ್ಮ ಸೆರಗು ಹೊದ್ದುಕೊಂಡು ಕೂತಿದ್ದಳು, ಬದುಕಿರೋರು ತಮ್ಮ ಲಿವರಲ್ಲಿ ಒಂದು ಭಾಗ ಕೊಡಬಹುದು, ಕೊಟ್ಟೋರಿಗೆ ಅದು ಮತ್ತೆ ಬೆಳ್ಕೊಳುತ್ತೆ, ವಾಸುವಿನ ಹೆಂಡತಿ ತೇಜಸ್ವಿನಿಯ ರಕ್ತ ಹೊಂದಲಿಲ್ಲ, ಅಮ್ಮನಿಗೆ ವಯಸ್ಸು ದಾಟಿದೆ, ಉಳಿದವಳು ವನಿತಾ, ರಕ್ತ ಹೊಂದಿತು, ಎಲ್ಲ ಹೊಂದಿತು, ಆಮೇಲೆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ನೋಡಿ ಅಮ್ಮಾ, ನೂರಾ ಹನ್ನೆರಡು ಕೆ.ಜಿ. ಇದೀರಿ, ನಿಮ್ಮ ಲಿವರಲ್ಲೇ ಇಪ್ಪತ್ನಾಲ್ಕು ಪರ್ಸೆಂಟ್ ಕೊಬ್ಬಿದೆ, ಹಿಂಗಿರೋ ಲಿವರ್ ಕತ್ತರಿಸಿದ್ರೆ ಅವರಿಗೂ ಕಷ್ಟ ನಿಮಗೂ ಕಷ್ಟ, ತೂಕ ನೂರರ ಕೆಳಗೆ ಬರ್ಲಿ, ಕೊಬ್ಬು ಹತ್ತರ ಕೆಳಗೆ ಬರ್ಲಿ, ಆಮೇಲೆ ಮಾಡೋಣ. ಎಷ್ಟು ಟೈಮಿದೆ ಸಾರ್ ಅಂತ ತೇಜಸ್ವಿನಿ ಕೇಳಿದಳು. ಮೂರು ತಿಂಗಳು ಅನ್ಕೊಳ್ಳೋಣ. ಅನ್ಕೊಳ್ಳೋಣ. ಆಗ ಎಲ್ಲರೂ ತಿರುಗಿ ವನಿತಾಳನ್ನು ನೋಡಿದರು, ಅಮ್ಮ, ತೇಜಸ್ವಿನಿ, ವಾಸು, ಅವಳ ಮುಖವನ್ನಲ್ಲ, ಅವಳನ್ನು, ಕುರ್ಚಿಯ ಎರಡೂ ಕೈಗಳಿಂದ ಆಚೆಗೆ ಉಕ್ಕಿದ ಅವಳನ್ನು, ಬಸ್ಸಿನ ನಡುದಾರಿಯಲ್ಲಿ ಮೇಡಂ ನೀವೊಬ್ರು ನಿಂತ್ರೆ ಬಸ್ ಫುಲ್ಲು ಅಂತ ಜನ ಅಂದಾಗ ನಕ್ಕುಬಿಡುತ್ತಿದ್ದವಳನ್ನು, ಫೋಟೋ ನೋಡಿ ಒಪ್ಪಿ ನೇರ ನೋಡಿ ಬೇಡವೆಂದು ಹೋದ ಹನ್ನೆರಡು ಕಡೆಯ ಗಂಡುಗಳನ್ನು ಲೆಕ್ಕಕ್ಕಿಡದೆ ಬದುಕಿದವಳನ್ನು. ನಾಚಿಕೆ ಆಗಿತ್ತು, ಆ ದಿನ, ಚೆನ್ನಾಗಿ ನೆನಪಿದೆ, ಮುಖ ಕಾದಿತ್ತು. ನಾಚಿಕೆ ಹೇಗಿರುತ್ತದೆ ಅಂತ ಈಗ ನೆನಪಿಸಿಕೊಳ್ಳಲು ನೋಡಿದರೆ ಆ ಏಸಿಯ ತಣ್ಣನೆ ಗಾಳಿ ಮಾತ್ರ ನೆನಪಾಗುತ್ತದೆ.

ಮಾರನೆಯ ದಿನವೇ ವಾಸು ಗಾಜಿನ ತೂಕದ ಮೆಷಿನ್ ತರಿಸಿದ, ಮಹಡಿಮನೆಯ ಹಾಲಿನಲ್ಲಿ ಟಿವಿ ಸ್ಟ್ಯಾಂಡಿನ ಪಕ್ಕ ಅದರ ಜಾಗ, ಬೆಳಗ್ಗೆ ಆರಕ್ಕೆ ಅವಳು ಕೆಳಗಿನ ಮನೆಯಿಂದ ಹತ್ತಿ ಬರಬೇಕು, ಅಷ್ಟು ಹೊತ್ತಿಗೆ ಎಲ್ಲರೂ ಎದ್ದು ಕೂತಿರುತ್ತಿದ್ದರು, ದೇವರ ಮುಂದೆ ಕೂತ ಹಾಗೆ, ಅಮ್ಮ ನೆಲದ ಮೇಲೆ, ತೇಜಸ್ವಿನಿ ಅಡುಗೆಮನೆಯ ಬಾಗಿಲಿಗೆ ಒರಗಿ, ವಾಸು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವನ ಹೊಟ್ಟೆ ನೀರು ತುಂಬಿ ಬಿಂದಿಗೆ, ಕೈಕಾಲು ಕಡ್ಡಿ, ಕಣ್ಣಿನ ಬಿಳಿಯೆಲ್ಲ ಅರಿಶಿನ. ಅವಳು ಹತ್ತಿ ನಿಲ್ಲುತ್ತಾಳೆ, ಅವಳ ಹೊಟ್ಟೆಯೇ ಅಡ್ಡ ಬಂದು ಅವಳಿಗೆ ಅಂಕಿ ಕಾಣುವುದಿಲ್ಲ, ಅವರು ಓದಿ ಹೇಳಬೇಕು, ವಾಸುವೇ ಓದುತ್ತಿದ್ದ, ನೂರಾ ಹನ್ನೊಂದು ಪಾಯಿಂಟ್ ಎರಡು, ಪರ್ವಾಗಿಲ್ಲ ಕಣಕ್ಕಾ, ನಿನ್ನೆಗಿಂತ ಮುನ್ನೂರು ಗ್ರಾಂ ಹೋಯ್ತು, ಮುನ್ನೂರು ಗ್ರಾಂ ಅಂದ್ರೆ ಒಂದು ಕೇಜಿ ಟೊಮೆಟೊದಲ್ಲಿ ಮೂರನೇ ಒಂದು ಭಾಗ, ನಗಿಸಲು ಹೇಳುತ್ತಿದ್ದ. ಏರಿದ ದಿನ ತೇಜಸ್ವಿನಿ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು, ಅಷ್ಟೇ, ಮೊದಲೇ ತೊಳೆದಿಟ್ಟ ಪಾತ್ರೆಗಳನ್ನು. ಒಂದು ದಿನ ವನಿತಾ ಕಾಫಿಗೆ ಸಕ್ಕರೆ ಹಾಕಿಕೊಂಡಿದ್ದನ್ನು ತೇಜಸ್ವಿನಿ ನೋಡಿದಳು, ಒಂದೇ ಚಮಚ, ನೋಡಿ ಕಣ್ಣು ಬೇರೆ ಕಡೆ ಮಾಡಿಕೊಂಡಳು, ಬೈದಿದ್ದರೆ ಆ ಸಕ್ಕರೆ ಇಷ್ಟು ದಿನ ನಾಲಿಗೆಯ ಮೇಲೆ ಉಳಿಯುತ್ತಿರಲಿಲ್ಲ.

ಹೆಂಗೆ ಇಳಿಸೋದು ಅನ್ನುವುದಕ್ಕೆ ಊರಿಗೆಲ್ಲ ಒಂದೊಂದು ಉತ್ತರ. ರತ್ನಕ್ಕ ಹಿಂದಿನ ಬೀದಿಯವರು, ಹೆಬ್ಬಾಳ ಕೆರೆಯ ಸುತ್ತ ನಡೆದು ನಡೆದು ವರ್ಷದಲ್ಲಿ ಹದಿನೆಂಟು ಕೇಜಿ ಇಳಿಸಿದವರು, ಹಳೇ ರವಿಕೆಗಳನ್ನು ಎಲ್ಲರಿಗೂ ತೋರಿಸುತ್ತಿದ್ದರು, ನಡಿಯೇ ವನಿತಾ, ನಡೆಯೋದೊಂದೇ, ಬೆವರು ಬಂದ್ರೆ ಕೊಬ್ಬು ಕರಗ್ತು ಅಂತ ಲೆಕ್ಕ, ಜಿಮ್ಮಲ್ಲಿ ಕಬ್ಬಿಣ ಎತ್ತಿದ್ರೆ ಗಂಡಸ್ರ ಥರ ದಪ್ಪ ಆಗ್ತೀಯ ಅಷ್ಟೆ. ಹಾಗಂತ ನಡೆಯೋಣ ಅಂತಲೇ ಅವಳು ಈ ಜಿಮ್ಮಿಗೆ ಬಂದಿದ್ದು, ಟ್ರೆಡ್‌ಮಿಲ್ ಇದೆಯಲ್ಲ, ಕೆರೆಯ ಹತ್ತಿರ ಜನ ನೋಡುತ್ತಾರೆ, ಇಲ್ಲಿ ಹೆಂಗಸರೇ. ಮೂರನೇ ದಿನ ಫಾಯಿಜಾ ಬಂದು ಬೆಲ್ಟು ನಿಲ್ಲಿಸಿದಳು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಹುಡುಗಿ, ತಲೆಗೆ ಕಪ್ಪು ಸ್ಕಾರ್ಫು, ಕೈಯಲ್ಲಿ ಯಾವಾಗಲೂ ಒಂದು ಅಳತೆ ಟೇಪು, ಟೈಲರ್ ಮಗಳು ಅಕ್ಕಾ ನಾನು, ಅಬ್ಬಾದು ಟೇಪು. ಅಕ್ಕಾ, ನಡೀರಿ, ಬೇಡ ಅನ್ನಲ್ಲ, ಇಪ್ಪತ್ತು ನಿಮಿಷ ನಡೀರಿ, ಆದ್ರೆ ನೂರಾ ಹತ್ತು ಕೇಜಿ ಮಂಡಿ ಮೇಲೆ ಓಡ್ಬೇಡಿ, ಮಂಡಿ ಹೋದ್ರೆ ಎಲ್ಲಾ ಹೋಯ್ತು, ಮೊದ್ಲು ಕಾಲಿಗೆ ಸೊಂಟಕ್ಕೆ ಶಕ್ತಿ ಬರ್ಲಿ, ನೋಡಿ, ಊಟ ಕಮ್ಮಿ ಮಾಡಿ ಬರೀ ನಡೆದ್ರೆ ಕೊಬ್ಬಿನ ಜೊತೆ ಮಾಂಸಾನೂ ಕರಗುತ್ತೆ, ವೇಟ್ ಎತ್ತಿದ್ರೆ ಮಾಂಸ ಉಳಿಯುತ್ತೆ, ಅರೆ, ನೀವೇನ್ ಪೈಲ್ವಾನ್ ಆಗಲ್ಲ, ಅದಕ್ಕೆ ಹತ್ತು ವರ್ಷ ಬೇಕು. ಮೊದಲ ವ್ಯಾಯಾಮ ಬೆಂಚಿನಿಂದ ಏಳುವುದು. ಅಷ್ಟೇ. ಕೈ ಊರದೆ ಏಳಬೇಕು, ಕೂರಬೇಕು. ಏಳಲು ಆಗಲಿಲ್ಲ, ನಲವತ್ತೊಂದು ವರ್ಷದ ಹೆಂಗಸು ಬೆಂಚಿನಿಂದ ಕೈ ಊರದೆ ಏಳಲಾರಳು ಅನ್ನುವುದು ಆವತ್ತು ಅವಳಿಗೆ ಗೊತ್ತಾಯಿತು. ಬೆಂಚಿನ ಮೇಲೆ ಎರಡು ಯೋಗದ ಚಾಪೆ ಮಡಿಸಿಟ್ಟು ಎತ್ತರ ಮಾಡಿದಳು ಫಾಯಿಜಾ, ಎದ್ದಳು, ಎಂಟು ಸಲ, ವಾರದಲ್ಲಿ ಒಂದು ಚಾಪೆ ತೆಗೆದಳು, ಆಮೇಲೆ ಇನ್ನೊಂದು, ಆಮೇಲೆ ಕೈಗೆ ಐದು ಕೇಜಿ ಡಂಬೆಲ್, ಆಮೇಲೆ ಹತ್ತು, ನಲವತ್ತು ದಿನದ ಹೊತ್ತಿಗೆ ನೆಲದಿಂದ ಎತ್ತುವ ತೂಕದ ರಾಡು. ತೂಕ ನೂರಾ ಐದಕ್ಕೆ ಬಂತು. ಬಂದು ನಿಂತಿತು.

ಹನ್ನೊಂದು ದಿನ ನೂರಾ ಐದು. ನೂರಾ ಐದು ಪಾಯಿಂಟ್ ಎರಡು, ನೂರಾ ಐದು, ನೂರಾ ಐದು ಪಾಯಿಂಟ್ ನಾಲ್ಕು, ವಾಸು ಟೊಮೆಟೊ ಲೆಕ್ಕ ಹೇಳುವುದನ್ನು ಬಿಟ್ಟ. ಫಾಯಿಜಾ ಟೇಪು ಹಿಡಿದು ತೋರಿಸಿದಳು, ಸೊಂಟ ಎರಡು ಇಂಚು ಕಮ್ಮಿ ಅಕ್ಕಾ, ಮೆಷಿನ್ ಹೇಳಲ್ಲ ಇದನ್ನ, ಸಬರ್ ಮಾಡಿ, ತಾಳ್ಮೆ ಇರ್ಲಿ. ಮನೆಯಲ್ಲಿ ಇಂಚು ಯಾರಿಗೆ ಬೇಕಿತ್ತು, ಡಾಕ್ಟರು ಕೇಳಿದ್ದು ಕೇಜಿ, ಅಮ್ಮ ಮಾಕಳಿಯ ಕಡೆಯವಳು, ಐವತ್ತು ವರ್ಷ ಈ ಊರಲ್ಲಿದ್ದರೂ ಮಾತು ಅಲ್ಲಿಯದೇ, ಇಂಗೆ ಕಬ್ಣ ಎತ್ತುತಾ ಕುಂತ್ರೆ ಯಾವಾಗ್ಲೇ ಇಳಿಯಾದು, ರತ್ನಮ್ಮ ನಡ್ದೂ ನಡ್ದೂ ಎಂಗ್ ಆಗವ್ಳೆ ನೋಡು, ಒಳಗೆ ಅವ್ನು ಸಾಯ್ತಾ ಅವ್ನೆ ಕಣೇ. ಅವತ್ತು ಅಮ್ಮ ಹೇಳಿದ್ದು ಅಷ್ಟೇ. ಮಾರನೆಯ ದಿನದಿಂದ ವನಿತಾ ಜಿಮ್ಮಿಗೆ ಹೋಗಲಿಲ್ಲ, ಬೆಳಗ್ಗೆ ಎರಡು ಗಂಟೆ ಕೆರೆ, ಸಂಜೆ ಎರಡು ಗಂಟೆ ಕೆರೆ, ಮಧ್ಯೆ ಮಜ್ಜಿಗೆ, ಸೌತೆಕಾಯಿ, ನಡೆದಳು, ನಾಲ್ಕನೇ ದಿನ ಓಡಿದಳು, ಓಡಿದಳು ಅಂದರೆ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ, ಎದೆ ಒಂದು ಕಡೆ ಹೊಟ್ಟೆ ಒಂದು ಕಡೆ ಹೋಗುತ್ತಿತ್ತು, ಫ್ಲೈಓವರಿನ ಮೇಲೆ ಏರ್‌ಪೋರ್ಟಿಗೆ ಹೋಗುವ ಕಾರುಗಳು ಸಾಲಾಗಿ, ಕೆರೆಯಲ್ಲಿ ಕೊಕ್ಕರೆಗಳು ಒಂದೇ ಕಾಲಲ್ಲಿ ಸುಮ್ಮನೆ ನಿಂತು, ರತ್ನಕ್ಕ ಮುಂದೆ ಮುಂದೆ ಚಪ್ಪಾಳೆ ತಟ್ಟುತ್ತ, ಬಾರೇ ಬಾರೇ. ದಿನಕ್ಕೆ ನಾನೂರು ಐನೂರು ಗ್ರಾಂ ಇಳಿಯಿತು. ಹಾಲಿನಲ್ಲಿ ಮತ್ತೆ ಮಾತು ಬಂತು. ತೇಜಸ್ವಿನಿ ಅತ್ತಿಗೆ ಅಂತ ಕರೆದು ಕೈಗೆ ಬಿಸಿನೀರಿನ ಲೋಟ ಕೊಟ್ಟಳು. ಒಂಬತ್ತನೇ ದಿನ ಸಂಜೆ ಮಂಡಿಯೊಳಗೆ ಒದ್ದೆ ಬಟ್ಟೆ ಹರಿದ ಹಾಗೆ ಏನೋ ಆಯಿತು, ರಾತ್ರಿಯ ಹೊತ್ತಿಗೆ ಮಂಡಿ ಕುಂಬಳಕಾಯಿ, ಹತ್ತು ದಿನ ಮಲಗಿದಲ್ಲೇ. ಹತ್ತು ದಿನ. ಬೆರಳು ಮಡಿಸಿದರೆ ಎರಡು ಕೈ ಪೂರ್ತಿ. ತಪ್ಪು ರತ್ನಕ್ಕನದಲ್ಲ, ರತ್ನಕ್ಕ ನಡೆದದ್ದು ಎಂಬತ್ತೆರಡು ಕೇಜಿಯಿಂದ, ನಡೆದದ್ದು ಒಂದು ವರ್ಷ, ಅಮ್ಮನದಲ್ಲ, ಮಂಡಿಯದೂ ಅಲ್ಲ, ಟಪ್, ಟಪ್, ಹದಿನೆಂಟು ನಿಮಿಷ, ಇಲ್ಲಿ ಅಳು ಬರಬೇಕು, ಇಲ್ಲಿಗೆ ಬಂದಾಗಲೆಲ್ಲ ಗಂಟಲು ತಾನಾಗಿ ಸಿದ್ಧವಾಗಿ ಕಾಯುತ್ತದೆ, ಬರುವುದಿಲ್ಲ, ಬಾರದ ಬಸ್ಸಿಗೆ ಕಾದು ನಿಂತ ಹಾಗೆ ನಿಂತು ಆಮೇಲೆ ಗಂಟಲೂ ಹೊರಟುಹೋಗುತ್ತದೆ.

ಮಂಡಿಗೆ ಪಟ್ಟಿ ಸುತ್ತಿಕೊಂಡು ಅವಳು ಮತ್ತೆ ಇಲ್ಲಿಗೆ ಬಂದಾಗ ಫಾಯಿಜಾ ಬೈಯಲಿಲ್ಲ, ಹೇಳಿದ್ನಲ್ಲ ಅಕ್ಕಾ ಅಂತಲೂ ಅನ್ನಲಿಲ್ಲ, ಸ್ಟೂಲು ಎಳೆದುಕೊಂಡು ಕೂತಳು, ಕೂತೇ ಮಾಡೋದು ಇದಾವೆ, ಕೈದು ಬೆನ್ನುದು ಮಾಡೋಣ, ಕಾಲು ನಿಧಾನ. ಆ ದಿನಗಳಲ್ಲೇ ಎಲ್ಲ ಹೇಳಿಬಿಟ್ಟಿದ್ದು, ಯಾಕೆ ಇಷ್ಟು ಅವಸರ, ಯಾರಿಗೋಸ್ಕರ, ಎಷ್ಟು ದಿನ ಉಳಿದಿದೆ, ಫಾಯಿಜಾ ಕೇಳಿ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ, ಹಾಗಾದ್ರೆ ದಿನಾ ಬರ್ತೀನಿ ನಾನು, ಶುಕ್ರವಾರ ನಂಗೆ ರಜಾ, ಆದ್ರೂ ಬರ್ತೀನಿ ಅಂದಳು, ಬಂದಳು. ಇಪ್ಪತ್ತೊಂದು ದಿನ. ಅರ್ಧ ನಡಿಗೆ, ಅರ್ಧ ಕಬ್ಬಿಣ, ರಾಗಿ ಗಂಜಿ, ಮೊಟ್ಟೆ, ಬೇಳೆ, ಒಂದು ಬುಧವಾರ ಬೆಳಗ್ಗೆ ಆರಕ್ಕೆ ಅವಳು ಮೆಷಿನ್ ಹತ್ತಿ ಎಂದಿನಂತೆ ಎದುರಿನ ಗೋಡೆ ನೋಡುತ್ತಿದ್ದಳು, ವಾಸು ಓದಲಿಲ್ಲ, ಏನಾಯ್ತೋ ಅಂತ ತಿರುಗಿದರೆ ಅವನು ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ, ತೊಂಬತ್ತೊಂಬತ್ತು ಪಾಯಿಂಟ್ ಆರು, ಅಕ್ಕಾ, ಎರಡೇ ಅಂಕಿ ಕಣಕ್ಕಾ ನೀನು. ಅಮ್ಮ ನೂರ್ ಕೆಳೀಕ್ ಬಂದ್ಬುಡ್ತು ಅಂತ ಮುನೇಶ್ವರನಿಗೆ ಕಾಯಿ ಕಟ್ಟಿದಳು, ತೇಜಸ್ವಿನಿ ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿದಳು, ಸೋಮವಾರ ಹತ್ತು ಗಂಟೆಗೆ ಸ್ಕ್ಯಾನು, ಕೊಬ್ಬು ಸರಿ ಇದ್ದರೆ ಹದಿನೈದು ದಿನದೊಳಗೆ ಆಪರೇಷನ್. ಅದು ಬುಧವಾರ. ಗುರುವಾರ ಬೆಳಗ್ಗೆ ವಾಸು ಸ್ನಾನದ ಮನೆಯಿಂದ ಬರಲಿಲ್ಲ, ಮೈ ಕೆಂಡ, ಮಾತು ತೊದಲು, ಆಂಬ್ಯುಲೆನ್ಸ್ ಬಂತು, ಮಹಡಿಯ ಮೆಟ್ಟಿಲು, ಮೆಟ್ಟಿಲಿನ ತಿರುವು — ಶನಿವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಅಂತ ಕಾಗದದಲ್ಲಿ ಬರೆದುಕೊಟ್ಟರು, ರಕ್ತಕ್ಕೆ ಸೋಂಕು ಏರಿತ್ತಂತೆ, ಶನಿವಾರ ಸಂಜೆಯೇ ಹೆಬ್ಬಾಳದ ಚಿತಾಗಾರದಲ್ಲಿ ಎಲ್ಲ ಮುಗಿಯಿತು.

ಸೋಮವಾರ ಬೆಳಗ್ಗೆ ಎಂಟಕ್ಕೆ ಫೋನ್. ವನಿತಾ ಮೇಡಮ್ಮಾ, ಹತ್ತು ಗಂಟೆಗೆ ನಿಮ್ಮ ಸ್ಕ್ಯಾನ್ ಇದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ. ಹುಡುಗಿಯ ದನಿ, ಚುರುಕಾದ ದನಿ, ಪಟ್ಟಿ ನೋಡಿಕೊಂಡು ಒಬ್ಬೊಬ್ಬರಿಗೇ ಮಾಡುತ್ತಿರಬೇಕು. ಸರಿ ಅಂದಳು. ಇಲ್ಲ ಅನ್ನಬಹುದಿತ್ತು, ಅವನು ಇಲ್ಲ ಅನ್ನಬಹುದಿತ್ತು, ಸರಿ ಅಂದಳು, ಖಾಲಿ ಹೊಟ್ಟೆಯಲ್ಲೇ ಇದ್ದಳು, ಸೂತಕದ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಡೆತ್ ಸರ್ಟಿಫಿಕೇಟ್ ವಿಚಾರಿಸ್ಕೊಂಡು ಬರ್ತೀನಿ ಅಂತ ಅಮ್ಮನಿಗೆ ಹೇಳಿ ಆಟೋ ಹತ್ತಿದಳು. ಆಸ್ಪತ್ರೆಯಲ್ಲಿ ಹಸಿರು ಗೌನು ಕೊಟ್ಟರು, ದಾರ ಹಿಂದೆ ಕಟ್ಟಿಕೊಳ್ಳುವಾಗ ಮೊದಲ ಸಲ ತುದಿಗೆ ತುದಿ ಸಿಕ್ಕಿತು, ಮೂರು ತಿಂಗಳ ಹಿಂದೆ ಸಿಕ್ಕಿರಲಿಲ್ಲ, ನರ್ಸು ಬೆಡ್‌ಶೀಟು ಹೊದಿಸಿದ್ದಳು. ಬಿಳಿ ಕೊಳವೆಯೊಳಗೆ ಮಲಗಿಸಿ ತಳ್ಳಿದರು, ಭುಜ ತಾಗಲಿಲ್ಲ, ಎಲ್ಲಿಂದಲೋ ಒಂದು ದನಿ ಉಸಿರು ಹಿಡ್ಕೊಳ್ಳಿ ಅನ್ನುತ್ತದೆ, ಹಿಡಿದಳು, ದಡ ದಡ ದಡ, ಉಸಿರು ಬಿಡಿ, ಬಿಟ್ಟಳು, ಮತ್ತೆ ಹಿಡ್ಕೊಳ್ಳಿ. ಹೊರಗೆ ಬಂದು ಒಂದು ಗಂಟೆ ಕೂತ ಮೇಲೆ ಡಾಕ್ಟರು ಕಾರಿಡಾರಿನಲ್ಲಿ ಹೋಗುತ್ತ ಅವಳನ್ನು ನೋಡಿ ನಿಂತರು. ಅಮ್ಮಾ, ನೀವು — ನೀವ್ಯಾಕೆ ಬಂದ್ರಿ. ಫೋನ್ ಮಾಡಿದ್ರು ಸಾರ್. ಅವರು ಪಕ್ಕದ ಕುರ್ಚಿಯಲ್ಲಿ ಕೂತರು, ಆಮೇಲೆ ಹೋಗಿ ರಿಪೋರ್ಟು ತಂದರು, ಏಳು ಪರ್ಸೆಂಟ್ ಇದೆ ಅಮ್ಮಾ, ಏಳು. ಅವಳು ಕೇಳಿದ್ದು ಒಂದೇ, ನಡೆದಿದ್ದಕ್ಕೋ ಸಾರ್, ಕಬ್ಬಿಣ ಎತ್ತಿದ್ದಕ್ಕೋ. ಅದನ್ನ ಸ್ಕ್ಯಾನ್ ಹೇಳಲ್ಲಮ್ಮ, ಎರಡೂ ಇಳಿಸುತ್ತೆ, ತಿನ್ನೋದು ಕಮ್ಮಿ ಮಾಡಿದ್ದು ಎಲ್ಲಕ್ಕಿಂತ ಮೊದಲು, ಬಿಡದೆ ದಿನಾ ಮಾಡಿದ್ರಲ್ಲ, ಅದು. ಹತ್ತು ದಿನ ಮುಂಚೆ ಆಗಿದ್ದಿದ್ರೆ ಸಾರ್? ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹೇಳೋಕಾಗಲ್ಲಮ್ಮ, ಸೋಂಕು ಯಾವಾಗ ಬೇಕಾದ್ರೂ ಬರಬಹುದಿತ್ತು, ಆಪರೇಷನ್ ಆದ ಮೇಲೂ. ರಿಪೋರ್ಟು ಮಡಿಸಿ ಅವಳು ಬ್ಯಾಗಿನ ಒಳಜೇಬಿಗೆ ಇಟ್ಟಳು, ಯಾರಿಗೂ ತೋರಿಸಿಲ್ಲ, ತೇಜಸ್ವಿನಿಗೆ ತೋರಿಸಿದರೆ ಏನನ್ನುತ್ತಾಳೆ, ಏಳು ಅಂದರೆ ಒಳ್ಳೆಯದಾ ಅತ್ತಿಗೆ ಅನ್ನುತ್ತಾಳೆ, ಒಳ್ಳೆಯದು ಅನ್ನಬೇಕಾಗುತ್ತದೆ.

ಬೆಲ್ಟು ನಿಂತಿತು. ಫಾಯಿಜಾ ಗುಂಡಿ ಒತ್ತಿದ್ದಾಳೆ, ಕನ್ನಡಿಯಲ್ಲಿ ಅವಳ ಕಪ್ಪು ಸ್ಕಾರ್ಫು, ನಗುವ ಮುಖ, ಅರೆ ಅಕ್ಕಾ, ಎಲ್ಲೋಗಿದ್ರಿ, ಇಪ್ಪತ್ತು ದಿನ ಆಯ್ತು, ಫೋನ್ ಮಾಡಿದ್ರೆ ಎತ್ತಲ್ಲ, ನಾನು ಆಪರೇಷನ್ ಆಗೋಯ್ತೇನೋ ಅನ್ಕೊಂಡೆ, ಆಮೇಲೆ ಆಪರೇಷನ್ ಆದೋರು ಟ್ರೆಡ್‌ಮಿಲ್ ಮೇಲೆ ಹೆಂಗ್ ಬರ್ತಾರೆ, ಹೇಳಿ, ತಮ್ಮ ಹೆಂಗಿದಾರೆ, ಡೇಟ್ ಕೊಟ್ರಾ? ವನಿತಾ ಕೈಪಿಡಿಕೆ ಬಿಡದೆ ನಿಂತಿದ್ದಾಳೆ, ನಿಂತ ಬೆಲ್ಟಿನ ಮೇಲೆ ನೆಲವೇ ಹಿಂದಕ್ಕೆ ಜಾರಿದ ಹಾಗೆ ಆಗುತ್ತದಲ್ಲ, ಹಾಗೆ ಆಗುತ್ತಿದೆ. ಹೋಗ್ಬಿಟ್ಟ ಫಾಯಿಜಾ. ತನ್ನ ದನಿಯೇ ಮುಂದಿನ ಸ್ಟಾಪ್ ಹೇಳಿದ ಹಾಗೆ ಕೇಳಿಸಿತು. ಎಲ್ಲಿಗೆ ಅಂತ ಕೇಳಲು ಬಾಯಿ ತೆರೆದ ಫಾಯಿಜಾ ಮುಚ್ಚಿದಳು, ಕಣ್ಣು ತುಂಬಿಬಿಟ್ಟವು, ಎಷ್ಟು ಬೇಗ, ಎಷ್ಟು ಸುಲಭವಾಗಿ ತುಂಬಿದವು, ವನಿತಾ ಅವನ್ನೇ ನೋಡಿದಳು, ಯಾವುದೋ ನಲ್ಲಿಯಲ್ಲಿ ನೀರು ಬಂದದ್ದನ್ನು ನೋಡುವಂತೆ. ಕೂತ್ಕೊಳ್ಳಿ ಅಕ್ಕಾ, ನೀರು ತರ್ತೀನಿ, ಅಯ್ಯೋ ಅಲ್ಲಾ, ಮನೆಗೆ ಬಿಟ್ಟು ಬರ್ಲಾ ನಾನು? ಬೇಡ, ರಾಡ್‌ಗೆ ಪ್ಲೇಟ್ ಹಾಕು. ಇವತ್ತು ಬೇಡ ಅಕ್ಕಾ. ಹಾಕು ಫಾಯಿಜಾ, ಮನೇಲಿ ಕೈಗೆ ಕೆಲಸ ಇಲ್ಲ. ಫಾಯಿಜಾ ಸ್ಕಾರ್ಫಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಎರಡು ಪ್ಲೇಟು ಎತ್ತಿ ತಂದಳು, ಆ ಕಡೆಗೊಂದು ಈ ಕಡೆಗೊಂದು, ಕ್ಲಿಪ್ಪು ಎರಡು ಸಲ ಜಾರಿತು, ಐವತ್ತು ಆಯ್ತು ಅಕ್ಕಾ, ಸಾಕು ಇವತ್ತಿಗೆ, ಮೆಲ್ಲಗೆ.

ರಾಡು ಪಾದದ ನಡುವೆ, ಹೆಗಲಗಲ ಕಾಲು, ಸೊಂಟ ಹಿಂದಕ್ಕೆ, ಬೆನ್ನು ಹಲಗೆ, ಫಾಯಿಜಾ ಕಲಿಸಿದ್ದೆಲ್ಲ ದೇಹಕ್ಕೆ ನೆನಪಿದೆ, ಹೊಟ್ಟೆ ತುಂಬ ಉಸಿರು ತಗೊಳ್ಳಿ, ಬಿಗಿಯಾಗಿ ಹಿಡ್ಕೊಳ್ಳಿ, ಬಿಟ್ರೆ ಬೆನ್ನು ಬಾಗುತ್ತೆ, ಮೇಲೆ ಬಂದಾದ್ಮೇಲೆ ಬಿಡಿ, ಮಾತಾಡಬೇಡಿ, ತಗೊಂಡಳು, ಹಿಡಿದಳು, ರಾಡು ನೆಲ ಬಿಟ್ಟಿತು — ಆಂಬ್ಯುಲೆನ್ಸಿನ ಸ್ಟ್ರೆಚರು ತಿರುಗಲಿಲ್ಲ. ಗುರುವಾರ ಬೆಳಗ್ಗೆ. ಮಹಡಿಯ ಮೆಟ್ಟಿಲು ಮಧ್ಯದಲ್ಲಿ ತಿರುಗುತ್ತದೆ, ಅಲ್ಲಿ ಕಿರಿದು, ಇಬ್ಬರು ಹುಡುಗರು ಹಿಂದೆ ಮುಂದೆ ಮಾಡಿದರು, ಸಾರ್ ಆಗಲ್ಲ, ಕುರ್ಚಿ ತನ್ನಿ, ಅಮ್ಮ ಎದೆ ಬಡಿದುಕೊಳ್ಳುತ್ತಿದ್ದಳು, ತೇಜಸ್ವಿನಿ ಅವನ ಪಾದ ಹಿಡಿದು ನಿಂತುಬಿಟ್ಟಿದ್ದಳು, ಸರೀರಿ ಅಂದಳು ವನಿತಾ, ಸೊಂಟ ಹಿಂದಕ್ಕೆ, ಬೆನ್ನು ಹಲಗೆ, ಒಂದು ಕೈ ಅವನ ಬೆನ್ನ ಕೆಳಗೆ, ಒಂದು ಕೈ ಮಂಡಿಗಳ ಕೆಳಗೆ, ಹೊಟ್ಟೆ ತುಂಬ ಉಸಿರು, ಬಿಗಿದು, ಎತ್ತಿದಳು. ಎದ್ದ. ತಮ್ಮ ಕೈಯಲ್ಲಿ ಎದ್ದು ಬಂದ, ಬೆಂಚಿನಿಂದ ಏಳಲಾಗದಿದ್ದವಳ ಕೈಯಲ್ಲಿ, ಒಂದು ಮೆಟ್ಟಿಲು, ಇನ್ನೊಂದು, ತಿರುವಿನಲ್ಲಿ ಗೋಡೆಗೆ ಭುಜ ಒರಗಿಸಿ ಪಾದ ಹುಡುಕಿ ಇಡುವಾಗ ಅವನು ಕಣ್ಣು ಬಿಟ್ಟ, ಅರಿಶಿನದ ಕಣ್ಣು, ಕೆಳಗಿನಿಂದ ಅವಳ ಮುಖ ನೋಡಿದ, ಹತ್ತಿರದಿಂದ, ಬಾಯಿ ಒಣಗಿ ಅಂಟಿತ್ತು, ಬಿಡಿಸಿಕೊಂಡು ನಕ್ಕ, ಅಕ್ಕಾ, ನಾನ್ ಎಷ್ಟ್ ಕೇಜಿ ಇದೀನಿ. ಕೇಳಿ ಕಾದ. ಅವಳು ಉಸಿರು ಹಿಡಿದಿದ್ದಳು. ಬಿಟ್ಟರೆ ಬೆನ್ನು ಬಾಗುತ್ತದೆ, ಬಾಗಿದರೆ ಇಬ್ಬರೂ ಬೀಳುತ್ತಾರೆ, ಇನ್ನು ಎಂಟು ಮೆಟ್ಟಿಲು, ಕೆಳಗೆ ಹೋಗಿ ಹೇಳೋಣ, ಕೆಳಗೆ ಹೋಗುವಷ್ಟರಲ್ಲಿ ಅವನು ಕಣ್ಣು ಮುಚ್ಚಿದ್ದ, ಮತ್ತೆ ಬಿಡಲಿಲ್ಲ, ಗುರುವಾರವಿಲ್ಲ, ಶುಕ್ರವಾರವಿಲ್ಲ. ಅಕ್ಕಾ, ಮೇಲೆ ಬಂದಾಯ್ತು, ಉಸಿರು ಬಿಡಿ ಅನ್ನುತ್ತಿದ್ದಾಳೆ ಫಾಯಿಜಾ. ಐವತ್ತು ಕೇಜಿ ತೊಡೆಯ ಮುಂದೆ ನೇತಾಡುತ್ತಿದೆ, ಇಷ್ಟಿರಲಿಲ್ಲ ಅವನು, ಕೈಗೆ ಗೊತ್ತಾಗುತ್ತಿದೆ, ಇದಕ್ಕಿಂತ ಕಮ್ಮಿ, ನಲವತ್ತೈದೋ ನಲವತ್ತಾರೋ, ಅಕ್ಕಾ ಉಸಿರು ಬಿಡಿ, ಕನ್ನಡಿಯಲ್ಲಿ ಮುಖ ಕೆಂಪಾಗುತ್ತಿದೆ, ಮೆಟ್ಟಿಲಿನ ತಿರುವು, ಗೋಡೆಯ ಸುಣ್ಣ ಭುಜಕ್ಕೆ, ಅವನ ಮುಖ ಮೇಲಕ್ಕೆ ತಿರುಗಿದೆ, ಕೇಳಿ ಕಾಯುತ್ತಿದ್ದಾನೆ.